ನಡುವಿನ ಹಾಳೆ

ಮಾರ್ಚ್ ೬, ಗುರುವಾರ

ಟೈಲ್ಸ್ ಕಂಪನಿಯವರು ಪ್ರತಿ ವರ್ಷ ಒಂದು ದಪ್ಪ ಡೈರಿ ಕೊಡುತ್ತಾರೆ. ಪ್ರತಿ ವರ್ಷ ಅದು ಅಂಗಡಿಯಲ್ಲಿ ಕುಂಟುವ ಮೇಜಿನ ಕಾಲಡಿಗೆ ಹೋಗುತ್ತದೆ. ಈ ಸಲದ್ದನ್ನು ಬರೆಯಲು ಇಟ್ಟುಕೊಂಡಿದ್ದೇನೆ. ಇವತ್ತು ಶುರು ಮಾಡಿದ ವ್ಯವಹಾರವನ್ನು ಹೆಂಡತಿಗೆ ಹೇಳುವಂತಿಲ್ಲ, ಅಂಗಡಿಯವರಿಗೆ ಹೇಳಿದರೆ ನಗುತ್ತಾರೆ, ಹೊಟ್ಟೆಯೊಳಗೇ ಇಟ್ಟುಕೊಂಡರೆ ನನಗೆ ಅಜೀರ್ಣವಾಗುತ್ತದೆ.

ವ್ಯವಹಾರ ಇಷ್ಟೇ: ಷಡ್ಡಕನ ಮನೆಯಿಂದ ನಡುವಿನ ಹಾಳೆಯನ್ನು ಹೊರಗೆ ತರಬೇಕು.

ನಾನು ಕಮೋಡು, ವಾಷ್‌ಬೇಸಿನ್, ನಲ್ಲಿ ಮಾರಿ ಮೇಲೆ ಬಂದವನು. ನನಗೆ ಹಳೇ ಜಪಾನಿನ ಮರದಚ್ಚಿನ ಚಿತ್ರಗಳ ಹುಚ್ಚು ಹಿಡಿದದ್ದು ಒಂದು ಮುದಿ ಬಂಗಲೆಯ ಬಚ್ಚಲು ಅಳೆಯಲು ಹೋದಾಗ. ಗೋಡೆಯ ಮೇಲೆ ಒಂದು ಸೇತುವೆ, ಅದರ ಮೇಲೆ ಮಳೆ. ಮಳೆಯನ್ನು ಕೂದಲೆಳೆಯ ಹಾಗೆ ಮರದಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ್ದಾನೆ ಪುಣ್ಯಾತ್ಮ, ಒಂದು ಗೆರೆಯೂ ಮುರಿದಿಲ್ಲ. ಕೆಲಸ ಅಂದರೆ ಇದು ಅಂತ ಬಾಯಿ ತೆರೆದು ನಿಂತೆ. ಪ್ಲಂಬರ್ ಕೂಗಿದ್ದು ಕೇಳಿಸಲಿಲ್ಲ.

ಹೆಂಡತಿಯ ತಂಗಿಯ ಗಂಡನಿಗೂ ಅದೇ ಹುಚ್ಚು. ಅವರು ಕೆಮಿಸ್ಟ್ರಿ ಮೇಷ್ಟ್ರು. ಯಾರಿಂದ ಯಾರಿಗೆ ಅಂಟಿತು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಎಂಟು ವರ್ಷದ ಹಿಂದೆ ಇಬ್ಬರೂ ಒಟ್ಟಿಗೆ ಒಬ್ಬ ವ್ಯಾಪಾರಿಯ ಹತ್ತಿರ ಹೋಗಿದ್ದೆವು. ಮೂರು ಹಾಳೆ ಸೇರಿ ಒಂದೇ ಚಿತ್ರ ಆಗುವಂಥದ್ದು ಸಿಕ್ಕಿತು. ಎಡಗಡೆ ದಡದಲ್ಲಿ ಕೊಡೆ ಹಿಡಿದು ಕಾಯುವ ಹೆಂಗಸರು, ಬಲಗಡೆ ದಡದಲ್ಲಿ ದೀಪ ಹಚ್ಚಿದ ಚಹಾ ಮನೆ, ನಡುವೆ ಹಿಮ ಬೀಳುವ ಹೊಳೆ, ದೋಣಿ, ಅಂಬಿಗ. ನನಗೆ ಅಂಗಡಿಯಿಂದ ಒಂದು ಫೋನ್ ಬಂತು. ಮಾತಾಡಿ ಒಳಗೆ ಬರುವಷ್ಟರಲ್ಲಿ ಮೇಷ್ಟ್ರು ನಡುವಿನದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಒಂದಕ್ಕಾಗುವಷ್ಟೇ ಇತ್ತಂತೆ ಜೇಬಿನಲ್ಲಿ. ನಾನು ಸಿಟ್ಟಿನಲ್ಲಿ ಉಳಿದೆರಡನ್ನೂ ತೆಗೆದುಕೊಂಡೆ. 'ಆ ಎರಡು ನನಗೆ ಕೊಡಿ ಸಾಹುಕಾರ್ರೇ' ಅಂತ ಅವರು, 'ಆ ಒಂದು ನನಗೆ ಕೊಡಿ ಮೇಷ್ಟ್ರೇ' ಅಂತ ನಾನು. ಅಲ್ಲಿಗೆ ಮಾತು ನಿಂತಿತು. ಮದುವೆ ಮನೆಗಳಲ್ಲಿ ಬೆನ್ನಿಗೆ ಬೆನ್ನು ಮಾಡಿ ಊಟ ಮಾಡಿದ್ದೇವೆ.

ಜನವರಿಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿದೆ, ಮಾತು ಪೂರ್ತಿ ಹೋಗಿದೆ. ಏನು ಕೇಳಿದರೂ ತಲೆ ಆಡಿಸುತ್ತಾರೆ. ಚಹಾ ಬೇಕಾ? ಆಡಿಸುತ್ತಾರೆ. ಬೇಡವಾ? ಆಡಿಸುತ್ತಾರೆ. ನಾದಿನಿಗೆ ಸಾಕಾಗಿ ಹೋಗಿದೆ. ಮನೆ ಎರಡನೇ ಮಹಡಿಯಲ್ಲಿದೆ. ನೆಲಮಟ್ಟದ ಚಿಕ್ಕ ಮನೆಗೆ ಹೋಗುತ್ತಾಳಂತೆ, ಅಲ್ಲಿ ಆ ಚಿತ್ರಗಳ ಬೀರು ಹಿಡಿಯುವುದಿಲ್ಲವಂತೆ.

"ಮಾರಿಬಿಡ್ತೀನಿ ಭಾವ. ಹುಳ ಬೀಳದ ಹಾಗೆ, ತೇವ ತಾಗದ ಹಾಗೆ ನೋಡ್ಕೊಳ್ಳೋಕೆ ನನಗೆ ಬರಲ್ಲ. ಇವರನ್ನ ನೋಡ್ಕೊಳ್ಳೋದೇ ಆಗ್ತಿಲ್ಲ."

"ಅವರನ್ನ ಕೇಳಿದೆಯಾ?"

"ಕೇಳಿದೆ. ತಲೆ ಆಡಿಸಿದ್ರು."

ಯಾವನಾದರೂ ವ್ಯಾಪಾರಿ ಬರುವ ಮೊದಲು ನಾನು ಒಳಗಿರಬೇಕು. ರೋಗಿಯನ್ನು ನೋಡುವ ನೆಪದಲ್ಲಿ ಪ್ರತಿ ಗುರುವಾರ ಹೋಗುವುದೆಂದು ಗೊತ್ತುಮಾಡಿಕೊಂಡೆ.

ಮಾರ್ಚ್ ೧೩, ಗುರುವಾರ

ಮನೆಗೆ ಬಂದವನೇ ಡೈರಿ ತೆಗೆದೆ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು, ತೊಡೆಯ ಮೇಲೊಂದು ಟವೆಲ್. ಮಾತು ಕಲಿಸಲು ಬರುವ ಹುಡುಗಿ ಬಿಟ್ಟುಹೋದ ಚಿತ್ರದ ಕಾರ್ಡುಗಳು ಎದುರಿಗೆ. ಬಾಳೆಹಣ್ಣು, ಚೆಂಡು, ಬೆಕ್ಕು. ಮೂವತ್ತು ವರ್ಷ ಪಾಠ ಹೇಳಿದವರ ಮುಂದೆ ಬೆಕ್ಕು. ಅವರು ಆ ಬೆಕ್ಕನ್ನು ನೋಡುತ್ತಿದ್ದ ನೋಟ ನೋಡಿದರೆ ಬೆಕ್ಕೇ ಎದ್ದು ಹೋಗಬೇಕಿತ್ತು.

ನಾದಿನಿಗೆ ನಡುವಿನ ಹಾಳೆ ತೆಗೆದು ತೋರಿಸಲು ಹೇಳಿದೆ. ಎಂಟು ವರ್ಷದ ಮೇಲೆ ನೋಡಿದ್ದು. ಅಂಬಿಗನ ಹುಲ್ಲಿನ ಮೇಲಂಗಿಯ ಮೇಲೆ ಹಿಮ ಕೂತಿರುವುದು ಕಾಗದದ ಬಿಳಿಯೇ, ಅದಕ್ಕೆ ಬಣ್ಣವೇ ಇಲ್ಲ. ಮಾರುವವರ ಮುಂದೆ ಆಸೆ ತೋರಿಸುವ ಅಭ್ಯಾಸ ನನಗಿಲ್ಲ. ಕೊಳ್ಳುವ ಮಾಲನ್ನು ಮೊದಲು ಹಳಿಯಬೇಕು, ಅದು ಕೈಗೆ ಅಂಟಿದ ರೂಢಿ.

"ಅಯ್ಯೋ, ಇದು ಹೀಗಾಗಿದೆಯಾ" ಅಂದೆ. "ಅಂಚು ಕತ್ತರಿಸಿಬಿಟ್ಟಿದಾರೆ. ನೀಲಿ ಪೂರ್ತಿ ಬಾಡಿದೆ. ಗೆರೆ ನೋಡು, ಅಚ್ಚು ಸವೆದ ಮೇಲೆ ಒತ್ತಿದ್ದು. ಕೊನೇ ಅಚ್ಚು."

"ಅಲ್ಲ."

ನಾದಿನಿ ಅಂದಳು ಅಂದುಕೊಂಡೆ. ಅವಳು ನಾನು ಅಂದೆ ಅಂದುಕೊಂಡಳು.

ಕುರ್ಚಿಯಲ್ಲಿದ್ದವರ ಮುಖ ಟೊಮೆಟೊ ಆಗಿತ್ತು. ಎಡಗೈ ಟವೆಲನ್ನು ಹಿಂಡುತ್ತಿತ್ತು. "ಅಲ್ಲ" ಅಂದರು ಇನ್ನೊಮ್ಮೆ, ಬಾಟಲಿಯ ಬಿರಡೆ ಎಳೆದ ಹಾಗೆ.

ನಾದಿನಿ ಹಾಳೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು.

ಮನೆಗೆ ಬರುವಾಗ ಲೆಕ್ಕ ಹಾಕಿದೆ. ಇವರಿಗೆ ಮಾತು ಬಂದರೆ ಮೊದಲು ಹೇಳುವುದೇ 'ಮಾರಬೇಡ' ಅಂತ. ಹಾಗಾದರೆ ಇವರ ಮಾತು ನನಗೆ ನಷ್ಟ. ಸ್ಪಷ್ಟವಾಗಿದೆ. ಆದರೂ ನಾಡಿದ್ದು ಒಂದು ಸಲ ಹೋಗಿ ನೋಡಬೇಕು, ಆ 'ಅಲ್ಲ' ಇನ್ನೂ ಇದೆಯೋ ಇಲ್ಲವೋ ಅಂತ.

ಮಾರ್ಚ್ ೧೫, ಶನಿವಾರ

ಇದೆ.

ಮಾರ್ಚ್ ೨೦, ಗುರುವಾರ

ಮಾತು ಕಲಿಸುವ ಹುಡುಗಿಗೆ ವಿಷಯ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಒಂದು ಚಮಚ ಹಿಡಿದು "ಸರ್, ಇದು ಬಾಚಣಿಗೆ ಅಲ್ವಾ?" ಅಂದಳು. ಮೇಷ್ಟ್ರು ಉದಾರವಾಗಿ ತಲೆ ಆಡಿಸಿದರು. ಅವರ ಪಾಲಿಗೆ ಇವತ್ತಿನಿಂದ ಚಮಚ ಬಾಚಣಿಗೆಯಾದರೂ ಅಡ್ಡಿಯಿಲ್ಲ.

ನಾನು ನನ್ನ ಸಂಗ್ರಹದ ಒಂದು ಚಿತ್ರ ತೆಗೆದೆ. ಕನ್ನಡಿ ನೋಡಿಕೊಳ್ಳುವ ಹೆಂಗಸು, ಕೆಂಪು ಉಡುಪು. ಇದರ ಕೆಂಪು ಕಾರ್ಖಾನೆಯ ಬಣ್ಣ ಬಂದ ಮೇಲಿನದು ಅಂತ ನನಗೂ ಗೊತ್ತು, ಅವರಿಗೂ ಗೊತ್ತು, ನನಗೆ ಗೊತ್ತಿಲ್ಲ ಅಂತ ಅವರು ಹತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

"ನೋಡಿ ಮೇಷ್ಟ್ರೇ, ಹೂವಿನಿಂದ ತೆಗೆದ ಹಳೇ ಕೆಂಪು. ಎಂಥಾ ಕಳೆ."

"ಅಲ್ಲ. ಅಲ್ಲ." ಕುರ್ಚಿ ಕಿರುಗುಟ್ಟಿತು. "ಹೊ... ಹೊಸ."

ಹುಡುಗಿ ಪೆನ್ನು ಕೆಳಗಿಟ್ಟಳು. ಹೊರಗೆ ಬಂದು ನನ್ನ ಹತ್ತಿರ ಹೇಳಿದಳು, "ಅವರಿಗೆ ಒಳಗೆ ಎಲ್ಲಾ ಅರ್ಥ ಆಗತ್ತೆ ಸರ್. ಬಾಗಿಲು ಮಾತ್ರ ಸಿಕ್ಕಿಹಾಕಿಕೊಂಡಿದೆ. ನೀವು ಒದ್ದಿದ್ರಿಂದ ಸ್ವಲ್ಪ ಬಿಚ್ಚಿತು. ಮೊದಲ ಕೆಲವು ತಿಂಗಳೇ ಮುಖ್ಯ. ದಯವಿಟ್ಟು ಒದೀತಾ ಇರಿ."

ಜೀವಮಾನದಲ್ಲಿ ನನ್ನ ಸುಳ್ಳಿಗೆ ಯಾರೂ ದಯವಿಟ್ಟು ಅಂದಿರಲಿಲ್ಲ.

ಮಾರ್ಚ್ ೨೬, ಬುಧವಾರ

ತಾಪತ್ರಯ. ಸುಳ್ಳು ಖಾಲಿಯಾಗುತ್ತಿದೆ.

ಒಂದೇ ಸುಳ್ಳು ಎರಡನೇ ಸಲಕ್ಕೆ ನಡೆಯುವುದಿಲ್ಲ. ಬಾಯಿ ಓರೆ ಮಾಡಿ ಕಿಟಕಿಯ ಕಡೆ ತಿರುಗುತ್ತಾರೆ. ತೀರಾ ದಡ್ಡ ಸುಳ್ಳು ಹೇಳಿದರೂ ಲೆಕ್ಕಕ್ಕಿಲ್ಲ. ನಿಜದ ಪಕ್ಕದ ಮನೆಯಲ್ಲೇ ಇರುವಂಥ ಸುಳ್ಳು ಬೇಕು, ಆಗಲೇ ಅವರಿಗೆ ಮೈ ಉರಿಯುವುದು. ಅಂಥದ್ದು ಹುಟ್ಟಿಸಬೇಕಾದರೆ ನಿಜ ಗೊತ್ತಿರಬೇಕು. ಅವರ ಕಪಾಟಿನಿಂದಲೇ ನಾಲ್ಕು ಪುಸ್ತಕ ತಂದು ಅಂಗಡಿಯಲ್ಲಿ ಓದುತ್ತಿದ್ದೇನೆ. ನೀಲಿಯನ್ನು ಕೆಳಗಿನಿಂದ ಮೇಲಕ್ಕೆ ಹೊಗೆಯ ಹಾಗೆ ತೆಳುವಾಗಿಸುವುದು ಹೇಗೆ ಗೊತ್ತೇ? ಒತ್ತುವವನು ಮರದ ಅಚ್ಚಿನ ಮೇಲೆಯೇ ಒದ್ದೆ ಮಾಡಿ ಬಣ್ಣ ಒರೆಸಿಬಿಡುತ್ತಾನೆ, ಪ್ರತಿ ಹಾಳೆಗೂ ಹೊಸದಾಗಿ. ಎರಡು ಹಾಳೆಯ ಆಕಾಶ ಒಂದೇ ಥರ ಇರುವುದಿಲ್ಲ. ಇಷ್ಟು ವರ್ಷ ಕೂಡಿಸಿದೆ, ಇದು ಗೊತ್ತಿರಲಿಲ್ಲ.

ಮ್ಯಾನೇಜರ್ ಬಂದು, "ಗುರುವಾರ ಬಿಲ್ಡರ್‌ಗಳು ಬರೋ ದಿನ ಸರ್. ನೀವು ಇರಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ" ಅಂದ. ದೊಡ್ಡ ಮೀನಿಗೆ ಗಾಳ ಹಾಕಿದ್ದೇನೆ ಅಂತ ಹೇಳಿ ಕಳಿಸಿದೆ. ಅದು ನಿಜವೇ.

ಹೆಂಡತಿಗೆ ವಾಸನೆ ಹತ್ತಿದೆ. "ಷಡ್ಡಕನ ಮನೆಗೆ ಹೊರಟ್ರೆ ಇಸ್ತ್ರಿ ಅಂಗಿ. ನಮ್ಮಮ್ಮನ ಮನೆಗೆ ಬರೋವಾಗ ಲೋಡು ಇಳಿಸೋ ಅಂಗಿ" ಅಂದಳು.

"ಅದು ವ್ಯಾಪಾರದ ವಿಷಯ."

"ಹೂಂ. ವ್ಯಾಪಾರಕ್ಕೆ ಅಂತಾನೇ ಅವರ ಉಗುರು ಕತ್ತರಿಸಿ ಬಂದ್ರಂತಲ್ಲ. ತಂಗಿ ಫೋನ್ ಮಾಡಿದ್ಲು."

ಉದ್ದ ಉಗುರಿನಲ್ಲಿ ಹಾಳೆ ಮುಟ್ಟಿದರೆ ಗೀಚಿಹೋಗುತ್ತದೆ, ಅದಕ್ಕೆ ಕತ್ತರಿಸಿದ್ದು.

ಏಪ್ರಿಲ್ ೩, ಗುರುವಾರ

ಇವತ್ತಿನ ಸಂಪಾದನೆ: 'ಮಳೆ ಅಲ್ಲ, ಹಿಮ.' 'ಹಿಂದೆ ನೋಡು.' 'ದಡ್ಡ.'

ಹಿಂದೆ ನೋಡು ಅಂದದ್ದು ಹಾಳೆಯ ಬೆನ್ನು. ಕೈಯಿಂದ ಉಜ್ಜಿ ಒತ್ತಿದ ಸುತ್ತುಸುತ್ತು ಗುರುತು ಅಲ್ಲಿ ಕಾಣುತ್ತದೆ. ಅದನ್ನು ನಾನು ಬೇಕೆಂದೇ ಎಣ್ಣೆ ಕಲೆ ಅಂದಿದ್ದೆ. ದಡ್ಡ ಅಂದದ್ದು ನನಗೆ. ಆ ಪದ ಎಷ್ಟು ಸಲೀಸಾಗಿ ಬಂತೆಂದರೆ ಹುಡುಗಿ ಚಪ್ಪಾಳೆ ತಟ್ಟಿದಳು.

ಹೊರಡುವಾಗ ನಾದಿನಿ ಮೆಟ್ಟಿಲವರೆಗೆ ಬಂದಳು. ನೆಲಮಟ್ಟದ ಮನೆ ಸಿಕ್ಕಿದೆಯಂತೆ. ಮೇ ಎಂಟಕ್ಕೆ ಒಬ್ಬ ವ್ಯಾಪಾರಿ ಬಂದು ಬೀರು ಸಮೇತ ಎಲ್ಲ ನೋಡುತ್ತಾನಂತೆ.

"ನಿಮಗೆ ಬೇಕಾಗಿದ್ದು ಆ ಒಂದು ಹಾಳೆ ಅಂತ ನನಗೆ ಗೊತ್ತಿಲ್ವಾ ಭಾವ? ಇವತ್ತೇ ತಗೊಂಡು ಹೋಗಿ. ಅವನು ಬರೋ ಮೊದಲು."

ಎಂಟು ವರ್ಷ ಕಾದ ಮಾತು ಮೆಟ್ಟಿಲ ಮೇಲೆ, ಚಪ್ಪಲಿ ಹಾಕಿಕೊಳ್ಳುವ ಹೊತ್ತಿನಲ್ಲಿ ಸಿಕ್ಕಿತು. ನಾನು ಏನು ಹೇಳಿದೆ ಅಂದರೆ, "ಈಗ ಬೇಡ. ಕೈಯಲ್ಲಿ ಚೀಲ ತಂದಿಲ್ಲ."

ಚೀಲ ತಂದಿರಲಿಲ್ಲ ನಿಜ. ಆಟೋದಲ್ಲಿ ಹಾಳೆ ಮಡಚಿಹೋದರೆ ಯಾರು ಜವಾಬ್ದಾರಿ? ಅಲ್ಲದೆ ಆ ಹಾಳೆ ಹಳಿದರೆ ಅವರಿಗೆ ಬರುವಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ನಾನೇ ಎತ್ತಿಕೊಂಡು ಬಂದರೆ ಗುರುವಾರ ಏನನ್ನು ಹಳಿಯುವುದು?

ಏಪ್ರಿಲ್ ೧೦, ಗುರುವಾರ

ನಾನು ನನ್ನ ಎಡದ ಹಾಳೆ, ಬಲದ ಹಾಳೆ ಎರಡನ್ನೂ ತೆಗೆದುಕೊಂಡು ಹೋಗಿದ್ದೆ, ಸರಿಯಾದ ರಟ್ಟಿನ ಮಧ್ಯೆ ಇಟ್ಟು. ಮೇಜಿನ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟೆ. ಎಡದ ಹಾಳೆಯ ಅಂಚಿನಲ್ಲಿ ಏನೆಂದು ಗೊತ್ತಾಗದ ಒಂದು ಕಡ್ಡಿ ಇತ್ತು, ಈಗ ಅದು ಅಂಬಿಗನ ಹುಟ್ಟಿನ ತುದಿಯಾಯಿತು. ಬಲದ ಹಾಳೆಯ ದೀಪದ ಹಳದಿ ಹೊಳೆಯೊಳಗೆ ಇಳಿದು ದೋಣಿಯ ಮೂತಿಗೆ ಮುಟ್ಟಿತು. ನಾದಿನಿ ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಪಾಪ, ಇವರೆಲ್ಲ ಎಂಟು ವರ್ಷದಿಂದ ದೋಣಿಗೆ ಕಾಯ್ತಾ ನಿಂತಿದ್ರಾ" ಅಂದಳು.

ಸುಳ್ಳು ಹೇಳಬೇಕಿತ್ತು. ನೆನಪಾಗಲಿಲ್ಲ. ಮೇಷ್ಟ್ರ ಎಡಗೈಯ ಒಂದು ಬೆರಳು ಹಾಳೆಗೆ ತಾಗದ ಹಾಗೆ ಮೇಲಿಂದಲೇ ಹೋಯಿತು, ದಡದಿಂದ ದಡಕ್ಕೆ.

ಒಂದು ಹೊತ್ತಿನ ಪಾಠ ದಂಡವಾಯಿತು ಅಂತ ಹುಡುಗಿಗೆ ಬೇಜಾರಾಗಿರಬಹುದು. ಮುಂದಿನ ಸಲ ಎರಡು ಪಟ್ಟು ಸುಳ್ಳು ತಯಾರಿಸಿಕೊಂಡು ಹೋಗಬೇಕು.

ಏಪ್ರಿಲ್ ೧೭, ಗುರುವಾರ

ಮೇಷ್ಟ್ರಿಗೆ ಜ್ವರ. ಆಸ್ಪತ್ರೆಗೆ ಸೇರಿಸಿದ್ದಾರೆ. ಎದೆಯಲ್ಲಿ ಕಫ.

ಹತ್ತಿರ ಕೂತು, ಪುಸ್ತಕದ ಚಿತ್ರ ತೋರಿಸಿ, ಆ ಇಡೀ ದೇಶದಲ್ಲಿ ಒಬ್ಬನಿಗೂ ನೀಲಿ ಹಚ್ಚಲು ಬರುತ್ತಿರಲಿಲ್ಲ ಅಂದೆ. ತಲೆ ಆಡಿಸಿದರು.

ಏಪ್ರಿಲ್ ೧೮, ಶುಕ್ರವಾರ

ತಲೆ ಆಡಿಸಿದರು.

ಏಪ್ರಿಲ್ ೨೧, ಸೋಮವಾರ

ಅಂಗಡಿಗೆ ಹೋಗಲಿಲ್ಲ. ಆಸ್ಪತ್ರೆಯ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ನಮ್ಮ ಕಡೆಯ ಪ್ಲಂಬರನ್ನು ಕರೆಸಿ ಸರಿ ಮಾಡಿಸಿದೆ. ಆ ಸದ್ದಿನಲ್ಲಿ ರೋಗಿ ನಿದ್ದೆ ಮಾಡುವುದು ಹೇಗೆ?

ಹೆಂಡತಿ ಫ್ಲಾಸ್ಕ್ ತಂದಳು. ತಂಗಿಯನ್ನು ಮನೆಗೆ ಕಳಿಸಿ ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. "ಹಾಳೆ ಸಿಕ್ತಾ?" ಅಂದಳು.

"ಯಾವ ಹಾಳೆ?" ಅಂದೆ.

ಅವಳು ಲೋಟಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಸಕ್ಕರೆ ಜಾಸ್ತಿಯಿತ್ತು. ನನಗೆ ಬೇಡ ಅಂತ ಡಾಕ್ಟರ್ ಹೇಳಿದಾಗಿನಿಂದ ಅವಳು ಹಾಗೆ ಹಾಕಿರಲಿಲ್ಲ.

ಏಪ್ರಿಲ್ ೨೮, ಸೋಮವಾರ

ಮನೆಗೆ ಬಂದಿದ್ದಾರೆ. ಇಬ್ಬರು ಆಳು, ನಾನೊಬ್ಬ, ಕುರ್ಚಿ ಸಮೇತ ಎತ್ತಿ ಮೇಲೆ ತಂದೆವು. ಎರಡನೇ ಮಹಡಿಗೆ ಬಾತ್‌ಟಬ್ ಏರಿಸಿ ಅಭ್ಯಾಸವಿದ್ದದ್ದು ಉಪಯೋಗಕ್ಕೆ ಬಂತು.

ಎಲ್ಲ ಮೊದಲಿಗೆ ಬಂದು ನಿಂತಿದೆ. ಹುಡುಗಿ ಮತ್ತೆ ಬೆಕ್ಕಿನ ಕಾರ್ಡು ತೆಗೆದಳು. ನಾನು ಅವಳ ಕೈಯಿಂದ ಕಿತ್ತುಕೊಂಡು ಒಳಗಿಟ್ಟೆ. ತಪ್ಪಾಯಿತು, ಆಮೇಲೆ ಕ್ಷಮೆ ಕೇಳಿದೆ.

ಮೇ ೧, ಗುರುವಾರ

ಕೊನೆಯ ಸಾಮಾನು ತೆಗೆದೆ. ನನ್ನ ಹೆಮ್ಮೆಯ ಚಿತ್ರ ಒಂದಿದೆ, ಮಳೆಯ ಸೇತುವೆ. ಆ ಮುದಿ ಬಂಗಲೆಯ ಗೋಡೆಯ ಮೇಲೆ ಕಂಡದ್ದರದೇ ಇನ್ನೊಂದು ಪ್ರತಿ. ಅದನ್ನು ಯಾರ ಮುಂದೆಯೂ ಹಳಿದವನಲ್ಲ.

"ಇದು ನಕಲಿ ಮೇಷ್ಟ್ರೇ" ಅಂದೆ. "ಯಾರೋ ನನಗೆ ಟೋಪಿ ಹಾಕಿದಾರೆ."

ಬಹಳ ಹೊತ್ತು ನೋಡಿದರು. ಚಿತ್ರವನ್ನಲ್ಲ, ನನ್ನನ್ನು.

"ಅಲ್ಲ" ಅಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ. "ಒಳ್ಳೇದು. ನಿ... ನಿನ್ನದು. ಒಳ್ಳೇದು."

ಬೇಗ ಮನೆಗೆ ಬಂದೆ. ಕಣ್ಣಿಗೆ ಏನೋ ಧೂಳು, ಆ ರಸ್ತೆಯಲ್ಲಿ ಅಗೆತ ನಡೆದಿದೆ.

ಮೇ ೮, ಗುರುವಾರ

ಪೂರ್ತಿ ನಷ್ಟ. ಒಂದೊಂದಾಗಿ ಬರೆಯುತ್ತೇನೆ.

ವ್ಯಾಪಾರಿ ಹೇಳಿದ ಹೊತ್ತಿಗೆ ಬಂದ. ಭೂತಕನ್ನಡಿ, ಬಿಳಿ ಕೈಗವಸು, ತೂಕದ ಮಾತು. ನಾದಿನಿ ಬೀರಿನ ಡ್ರಾಯರ್ ಎಳೆದಳು. "ಇದೊಂದು ನಮ್ಮ ಭಾವನಿಗೆ. ಉಳಿದದ್ದು ನೀವು ನೋಡಿ" ಅಂತ ನಡುವಿನ ಹಾಳೆಯನ್ನು ರಟ್ಟಿನ ಮಧ್ಯೆ ಇಟ್ಟು ನನ್ನ ಕೈಗೆ ಕೊಟ್ಟಳು. ನಾನು ಈ ಸಲ ಚೀಲ ತಂದಿದ್ದೆ.

"ಯಜಮಾನರನ್ನ ಒಂದು ಮಾತು ಕೇಳು" ಅಂದೆ. ನಾಳೆ ತಕರಾರು ಬರಬಾರದು ಅಂತ, ಅಷ್ಟೇ.

"ಎಷ್ಟು ಸಲ ಕೇಳಲಿ ಭಾವ? ಮಾರಲಾ ಅಂದ್ರೂ ಆಡಿಸ್ತಾರೆ, ಇಡಲಾ ಅಂದ್ರೂ ಆಡಿಸ್ತಾರೆ. ನನಗೂ ಮನಸ್ಸಿಲ್ಲ. ಬೇಡ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದ್ರೆ ನಾನು ಮಾರ್ತಿದ್ನಾ?"

ಅವಳ ದನಿ ಒಡೆಯಿತು. ವ್ಯಾಪಾರಿ ಕಿಟಕಿಯಾಚೆ ನೋಡಿದ.

ನಾನು ಕುರ್ಚಿಯ ಮುಂದೆ ಹೋಗಿ ನಿಂತೆ. ಹಾಳೆಯನ್ನು ಅವರ ಮೂಗಿನ ಹತ್ತಿರ ಹಿಡಿದೆ.

"ಮೇಷ್ಟ್ರೇ, ತಗೊಂಡು ಹೋಗ್ತಿದೀನಿ. ಇದಕ್ಕೆ ಬೀರು ಗೀರು ಯಾಕೆ? ಅಂಗಡೀಲಿ ನೇತುಹಾಕ್ತೀನಿ. ಬಾಗಿಲಿಗೆ ಎದುರಾಗಿ, ಬಿಸಿಲು ಚೆನ್ನಾಗಿ ಬೀಳೋ ಜಾಗದಲ್ಲಿ, ಕಮೋಡುಗಳ ಮೇಲೆ. ಕೊನೇ ಅಚ್ಚು ತಾನೇ, ಬಾಡಿದ್ರೆ ಬಾಡಲಿ."

ಎಡಗೈ ಟವೆಲಿನ ಮೇಲೆ ಸುಮ್ಮನೆ ಬಿದ್ದಿತ್ತು. ನಾನು ಹಾಳೆಯನ್ನು ಚೀಲದ ಬಾಯಿಗೆ ತಂದೆ. ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕೊಡಲ್ಲ."

ಎಲ್ಲರೂ ತಿರುಗಿದೆವು.

"ನೀನು... ಕಮೋಡು... ಮಾರೋನು. ಕೊಡಲ್ಲ. ಮೊದಲನೇ... ಅಚ್ಚು ಅದು. ನಿನಗೆ... ಕೊಡಲ್ಲ. ಇವನಿಗೂ... ಕೊಡಲ್ಲ." ಉಗುಳು ನುಂಗಿ ಹೆಂಡತಿಯ ಕಡೆ ನೋಡಿದರು. "ಯಾವುದೂ... ಮಾರಬೇಡ ಕಣೇ. ಒಳಗಿಡು."

ನಾದಿನಿ ನೆಲದ ಮೇಲೇ ಕೂತಳು. ಅಳುತ್ತಲೇ ಜಗಳಕ್ಕಿಳಿದಳು, ಅಕ್ಕನ ಹಾಗೆಯೇ. "ಇಡ್ತೀನಿ. ಇಟ್ಟು? ಹೊಸ ಮನೇಲಿ ಜಾಗ ಎಲ್ಲಿದೆ? ಹುಳ ಬೀಳದ ಹಾಗೆ ಯಾರು ನೋಡ್ಕೋತಾರೆ, ನೀವಾ?"

ಮೇಷ್ಟ್ರು ಎಡಗೈ ಎತ್ತಿ, ಬೆರಳು ಚಾಚಿ, ನನ್ನನ್ನು ತೋರಿಸಿದರು.

"ಕಮೋಡು ಮಾರೋನು" ಅಂದರು. ಈ ಸಲ ಒಂದೇ ಉಸಿರಿಗೆ.

ವ್ಯಾಪಾರಿ ಕೈಗವಸು ಬಿಚ್ಚಿಕೊಂಡು ಹೊರಟ. ನಾನು ಖಾಲಿ ಚೀಲ ಮಡಚಿಕೊಂಡು ಹೊರಟೆ.

ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಇನ್ನೊಮ್ಮೆ ಹೇಳಿ ಅಂದಳು, ಹೇಳಿದೆ. ಮೇಷ್ಟ್ರ ದನಿಯಲ್ಲೇ ಹೇಳಿ ಅಂದಳು, ಹಾಗೂ ಹೇಳಿದೆ. "ಇದೇನು, ಲಾಟರಿ ಹೊಡೆದವರ ಥರ ಮುಖ ಮಾಡ್ಕೊಂಡಿದೀರಿ?" ಅಂದಳು. ಸಿಟ್ಟು ಬಂದವನ ಮುಖ ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಗುರುತು ಸಿಗುವುದಿಲ್ಲ.

ಎರಡು ತಿಂಗಳ ದುಡಿಮೆ ಹೊಳೆಗೆ ಹೋಯಿತು. ಹಾಳೆಯಂತೂ ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ. ಮೇಲಿಂದ ಪರರ ಬೀರು ಕಾಯುವ ಕೆಲಸ, ಅದೂ ಪುಕ್ಕಟೆ. ಹುಡುಗಿಯ ಎದುರಿಗೆ, ವ್ಯಾಪಾರಿಯ ಎದುರಿಗೆ ನೀನು ತಾನು ಅನ್ನಿಸಿಕೊಂಡೆ. ಇಂಥ ಅವಮಾನದ ಮೇಲೆ ಆ ಮನೆಯ ಮೆಟ್ಟಿಲು ಹತ್ತುವವನು ನಾನಲ್ಲ. ಗುರುವಾರ ಹೋದಾಗ ಇದನ್ನು ಅವರ ಮುಖಕ್ಕೇ ಹೇಳಿ ಬರುತ್ತೇನೆ. ಅವರು ತಿರುಗಿ ಏನನ್ನುತ್ತಾರೋ ನೋಡೋಣ.

ಹೇಗೂ ಹೋಗುತ್ತೇನಲ್ಲ, ಹೊಸ ಮನೆಯ ಗೋಡೆ ಅಳೆದುಕೊಂಡು ಬರಬೇಕು. ಬಚ್ಚಲು ಸ್ವಲ್ಪ ಹಿಂದಕ್ಕೆ ಸರಿಸಿದರೆ ಬೀರು ಹಿಡಿಯುತ್ತದೆ. ನಲ್ಲಿಯ ಡಬ್ಬಿಗಳಲ್ಲಿ ತೇವ ಹೀರುವ ಪುಟ್ಟ ಪೊಟ್ಟಣಗಳು ಬರುತ್ತವೆ, ಗೋದಾಮಿನಲ್ಲಿ ರಾಶಿ ಬಿದ್ದಿದೆ. ಒಂದು ಚೀಲ ತುಂಬಿಸಿಡಲು ಮ್ಯಾನೇಜರ್‌ಗೆ ಹೇಳಿದ್ದೇನೆ.